ಹಣತೆ ಹಚ್ಚಿದರೆ ಅಂಗಳವೆಲ್ಲ ಮಂಜು: ಬ್ಲೂಮ್ ಜೊತೆ ಹೆಣಗಿದವರು ಹೇಳಿ

ಯೂನಿಟಿ ಎಂಬ ಗೇಮ್ ತಯಾರಿಸುವ ಸಾಫ್ಟ್‌ವೇರಿನಲ್ಲಿ ಚಿಕ್ಕದೊಂದು ಗೇಮ್ ಮಾಡುತ್ತಿದ್ದೇನೆ. ದೀಪಾವಳಿ ರಾತ್ರಿ, ಹಳೇ ಮನೆಯ ಅಂಗಳ, ಸಾಲು ಹಣತೆ. ದೀಪ ಹೊಳೆಯಲಿ ಅಂತ ಬ್ಲೂಮ್ (ಪ್ರಕಾಶದ ಸುತ್ತ ಹೊಳಪು ಹರಡುವ ಎಫೆಕ್ಟ್) ಹಾಕಿದರೆ ಪಕ್ಕದ ಸುಣ್ಣದ ಗೋಡೆಯೂ ಹೊಳೆದು, ಅಂಗಳಕ್ಕೆಲ್ಲ ಮಂಜು ಕವಿದ ಹಾಗಾಯಿತು. ಆಮೇಲೆ ಆಂಬಿಯೆಂಟ್ ಒಕ್ಲೂಶನ್ (ಮೂಲೆ, ಸಂದಿಗಳಿಗೆ ನೆರಳು ಕೊಡುವುದು), ಡೆಪ್ತ್ ಆಫ್ ಫೀಲ್ಡ್ (ಫೋಕಸ್ ಇಲ್ಲದ ದೂರದ್ದನ್ನು ಮಸುಕು ಮಾಡುವುದು) ಕೂಡ ಸೇರಿಸಿದೆ. ಲ್ಯಾಪ್‌ಟಾಪಿನಲ್ಲಿ ಸೆಕೆಂಡಿಗೆ 60 ಫ್ರೇಮ್, ಫೋನಿನಲ್ಲಿ 22. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಉತ್ತರ 1
ಎಚ್‌ಡಿಆರ್ (ಮಾಮೂಲಿ ಬಿಳಿಗಿಂತ ಹೆಚ್ಚಿನ ಪ್ರಕಾಶವನ್ನೂ ಲೆಕ್ಕಕ್ಕಿಡುವ ಸೆಟ್ಟಿಂಗ್) ಆಫ್ ಇದೆಯಾ ನೋಡಿ. ನಾನೂ ಇದರಲ್ಲೇ ಎರಡು ವಾರ ಕಳೆದಿದ್ದೆ. ಎಚ್‌ಡಿಆರ್ ಇಲ್ಲದಿದ್ದರೆ ಯಾವ ಬಣ್ಣದ ಪ್ರಕಾಶವೂ 1ರ (ಅಂದರೆ ಪೂರ್ತಿ ಬಿಳಿಯ) ಮೇಲೆ ಹೋಗುವುದಿಲ್ಲ. ದೀಪದ ಕುಡಿಯೂ 1, ಅದರ ಬೆಳಕು ಬಿದ್ದ ಬಿಳಿ ಗೋಡೆಯೂ ಹೆಚ್ಚುಕಡಿಮೆ 1. ಯಾವುದು ದೀಪ, ಯಾವುದು ಗೋಡೆ ಅಂತ ಬ್ಲೂಮ್‌ಗೆ ಹೇಗೆ ಗೊತ್ತಾಗಬೇಕು? ಎಚ್‌ಡಿಆರ್ ಆನ್ ಮಾಡಿ, ಕುಡಿಯ ಎಮಿಶನ್ (ತಾನೇ ಸೂಸುವ ಬೆಳಕು) 6ಕ್ಕೋ 8ಕ್ಕೋ ಏರಿಸಿ, ಬ್ಲೂಮ್ ಶುರುವಾಗುವ ಮಿತಿ, ಅಂದರೆ ಥ್ರೆಶೋಲ್ಡ್, 1ರ ಮೇಲಿಡಿ. ಗೋಡೆ ತಾನಾಗಿ ಸುಮ್ಮನಾಗುತ್ತದೆ. ಆಗಲೂ ಮಂಜು ಕಂಡರೆ ತಪ್ಪು ಲೈಟಿಂಗ್‌ನದು. ಎಲ್ಲ ಎಫೆಕ್ಟ್ ಆಫ್ ಮಾಡಿ, ಬರೀ ಬೆಳಕಿನಲ್ಲಿ ದೃಶ್ಯ ಚೆನ್ನಾಗಿದೆಯಾ ನೋಡಿ.

ಉತ್ತರ 2
ಮೊಬೈಲ್ ಗೇಮ್ ನನ್ನ ಹೊಟ್ಟೆಪಾಡು, ಹಾಗಾಗಿ ಫೋನಿನ ವಿಷಯ ಹೇಳುತ್ತೇನೆ. 60 ಫ್ರೇಮ್ ಬೇಕೆಂದರೆ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. ಫೋನಿನ ಜಿಪಿಯುಗಳು (ಚಿತ್ರ ಬಿಡಿಸುವ ಚಿಪ್‌ಗಳು) ಸಾಮಾನ್ಯವಾಗಿ ಪರದೆಯನ್ನು ಚಿಕ್ಕ ಚಿಕ್ಕ ಟೈಲ್ ಮಾಡಿಕೊಂಡು ಚಿತ್ರ ಬಿಡಿಸುತ್ತವೆ. ಫುಲ್ ಸ್ಕ್ರೀನ್ ಎಫೆಕ್ಟ್ ಬಂತೆಂದರೆ ಪೂರ್ತಿ ಚಿತ್ರವನ್ನು ಮೆಮೊರಿಗೆ ಬರೆದು ಮತ್ತೆ ಓದಬೇಕು. ಪೆಟ್ಟು ಬೀಳುವುದು ಅಲ್ಲೇ, ಫೋನ್ ಬಿಸಿಯಾಗುವುದೂ ಅದಕ್ಕೇ.

ಬ್ಲೂಮ್, ಡೆಪ್ತ್ ಆಫ್ ಫೀಲ್ಡ್ ಎರಡಕ್ಕೂ ಬೇಕಾಗುವ ಬ್ಲರ್ (ಮಸುಕು ಮಾಡುವುದು) ಲೆಕ್ಕ ನೋಡಿ. 1920×1080 ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್. ಸುತ್ತಲಿನ 9×9 ಪಿಕ್ಸೆಲ್‌ಗಳನ್ನು ಬೆರೆಸುವ ಬ್ಲರ್ ನೇರವಾಗಿ ಮಾಡಿದರೆ ಪ್ರತಿ ಪಿಕ್ಸೆಲ್‌ಗೂ 81 ಸಲ ಓದಬೇಕು. ಒಮ್ಮೆ ಅಡ್ಡ, ಒಮ್ಮೆ ಉದ್ದ ಮಾಡಿದರೆ 18 ಸಾಕು. ಅರ್ಧ ಅಳತೆಯಲ್ಲಿ ಮಾಡಿದರೆ ಪಿಕ್ಸೆಲ್ಲೇ ಕಾಲುಭಾಗಕ್ಕೆ ಇಳಿಯುತ್ತದೆ.

ನಾನಾಗಿದ್ದರೆ ಫೋನಿನಲ್ಲಿ ಬ್ಲೂಮ್ ಉಳಿಸಿ, ಡೆಪ್ತ್ ಆಫ್ ಫೀಲ್ಡ್ ಕಿತ್ತು ಹಾಕುತ್ತಿದ್ದೆ. ಅಂಗಳ ಅಲುಗಾಡುವುದಿಲ್ಲವಲ್ಲ, ಆಂಬಿಯೆಂಟ್ ಒಕ್ಲೂಶನ್ ಲೈಟ್‌ಮ್ಯಾಪಿಗೇ (ಬೆಳಕು-ನೆರಳಿನ ಸಿದ್ಧ ಚಿತ್ರಕ್ಕೇ) ಬೇಕ್ ಮಾಡಿ, ಅಂದರೆ ಮೊದಲೇ ಲೆಕ್ಕ ಹಾಕಿ ಅದರಲ್ಲಿ ಸೇರಿಸಿಬಿಡಿ. ವಿನ್ಯೆಟ್ (ಪರದೆಯ ಅಂಚು ಕಪ್ಪಾಗಿಸುವುದು), ಬಣ್ಣದ ತಿದ್ದುಪಡಿ ಬೇಕಿದ್ದರೆ ಇರಲಿ ಬಿಡಿ, ಕೊನೆಯ ಒಂದೇ ಪಾಸಿನಲ್ಲಿ (ಚಿತ್ರದ ಮೇಲಿನ ಒಂದೇ ಸುತ್ತಿನಲ್ಲಿ) ಸೇರಿಕೊಳ್ಳುತ್ತವೆ.

ಉತ್ತರ 3
ಡೆಪ್ತ್ ಆಫ್ ಫೀಲ್ಡ್ ಬಿಡಲು ಇನ್ನೊಂದು ಕಾರಣ: ಕುಡಿಯನ್ನು ಪಾರದರ್ಶಕ ಪಾರ್ಟಿಕಲ್‌ನಲ್ಲಿ (ಪುಟ್ಟ ಚಿತ್ರದ ತುಣುಕುಗಳಲ್ಲಿ) ಮಾಡಿದ್ದೀರಿ ಅಲ್ವಾ? ಅದು ಸಾಮಾನ್ಯವಾಗಿ ಡೆಪ್ತ್ ಬಫರಿಗೆ (ಪ್ರತಿ ಪಿಕ್ಸೆಲ್ ಎಷ್ಟು ದೂರ ಅಂತ ಇಡುವ ಲೆಕ್ಕಕ್ಕೆ) ಬರೆಯುವುದಿಲ್ಲ. ಕುಡಿಯ ಹಿಂದೆ ದೂರದ ಗೋಡೆ ಇದ್ದರೆ, ಕುಡಿಗೂ ಗೋಡೆಯ ದೂರವೇ ಲೆಕ್ಕ. ಹಣತೆ ಸ್ಪಷ್ಟ, ಕುಡಿ ಮಸುಕು! ನಮ್ಮ ಡೆಮೊದಲ್ಲಿ ಇದು ಹೀಗೇ ಆಗಿ, ನೋಡಿದವರು ಲೆನ್ಸ್ ಒರೆಸಿಕೊಳ್ಳಿ ಅಂದರು.

ನಾನು ರೆಂಡರರ್ (ಚಿತ್ರ ಬಿಡಿಸುವ ಪ್ರೋಗ್ರಾಂ) ಸ್ವಂತ ಬರೆದುಕೊಂಡವನು. ಟೋನ್ ಮ್ಯಾಪಿಂಗ್ (ಎಚ್‌ಡಿಆರ್ ಪ್ರಕಾಶವನ್ನು ಪರದೆ ತೋರಿಸಬಲ್ಲ ಮಟ್ಟಕ್ಕೆ ಇಳಿಸುವುದು) ಮೊದಲು ಮಾಡಿ ಆಮೇಲೆ ಬ್ಲೂಮ್ ಹಾಕಿ, ಹೊಳಪೆಲ್ಲ ಬೂದಿ ಬಣ್ಣ ಮಾಡಿಕೊಂಡಿದ್ದೆ. ಬ್ಲೂಮ್ ಮೊದಲು, ಟೋನ್ ಮ್ಯಾಪಿಂಗ್ ಆಮೇಲೆ, ಸ್ಕೋರ್ ಮತ್ತು ಬಟನ್ ಎಲ್ಲಕ್ಕಿಂತ ಕೊನೆಗೆ. ಕ್ಯಾಮೆರಾ ತಿರುಗಿಸಿದಾಗ ಹೊಳಪು ಮಿಣಮಿಣ ಅಂದರೆ, ಒಂದೊಂದೇ ಪಿಕ್ಸೆಲ್ ವಿಪರೀತ ಪ್ರಕಾಶ ಕೊಡುತ್ತಿದೆ ಅಂತ. ಬ್ಲೂಮ್‌ನ ಕ್ಲ್ಯಾಂಪ್ (ಅದು ಲೆಕ್ಕಕ್ಕೆ ತೆಗೆದುಕೊಳ್ಳುವ ಪ್ರಕಾಶದ ಗರಿಷ್ಠ ಮಿತಿ) ಇಳಿಸಿ. 2014ರ ಸಿಗ್‌ಗ್ರಾಫ್ (ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನ)ನಲ್ಲಿ ಗ್ರಾಫಿಕ್ಸ್ ತಜ್ಞ ಹೋರ್ಹೆ ಹಿಮೆನೆಸ್ ಕೊಟ್ಟ ಉಪನ್ಯಾಸದಲ್ಲಿ ಇದಕ್ಕೆ ಒಳ್ಳೆಯ ಉಪಾಯವಿದೆ, ಹುಡುಕಿ ನೋಡಿ.

ಕೇಳಿದವರು
ಎಚ್‌ಡಿಆರ್ ಆಫ್ ಇತ್ತು! ಆನ್ ಮಾಡಿ ಎಮಿಶನ್ 7 ಇಟ್ಟೆ. ಗೋಡೆ ಗೋಡೆಯಾಗಿದೆ, ಹಣತೆ ಹಣತೆಯಾಗಿದೆ. ಡೆಪ್ತ್ ಆಫ್ ಫೀಲ್ಡ್ ತೆಗೆದ ಮೇಲೆ ಫೋನಿನಲ್ಲಿ 41 ಬರುತ್ತಿದೆ. ಬೇಕ್ ಮಾಡಲು ಇವತ್ತು ರಾತ್ರಿ ಕೂರುತ್ತೇನೆ.