ಢಾಬಾ ಅಂಗಳದಲ್ಲಿ ಲಾರಿ ಸಾಲಾಗಿ ನಿಲ್ಲಿಸುವುದು ಹೇಗೆ? ಬೋರ್ಡಿನಲ್ಲಿ ಏನು ಬರೆಸಲಿ?

ಸುಂಕಸಾಳ ಅಂಗಳ:
ನಮಸ್ಕಾರ. ರಾಮನಗುಳಿ–ಸುಂಕಸಾಳ ನಡುವೆ ಎನ್‌ಎಚ್ 52ಕ್ಕೆ ತಾಗಿ, ಅಂಕೋಲೆಗೆ ಹೋಗುವಾಗ ಎಡಗಡೆ ನಮ್ಮ ಅಂಗಳ. ರಸ್ತೆಗುಂಟ 70 ಮೀಟರ್ ಉದ್ದ, 35 ಮೀಟರ್ ಅಗಲ, ಎರಡು ಗೇಟು. ಅರಬೈಲ್ ಘಟ್ಟ ಇಳಿದ ಲಾರಿಗಳು ರಾತ್ರಿ ಇಲ್ಲೇ ನಿಲ್ತವೆ. ಮೊದಲು ಬಂದವ ಗೇಟಿನ ಬಾಯಿಗೇ ಅಡ್ಡ ಹಾಕಿ ಮಲಗ್ತಾನೆ, ತಡವಾಗಿ ಬಂದವ ಹೆದ್ದಾರಿ ಅಂಚಿಗೆ ನಿಲ್ಲಿಸ್ತಾನೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಡುವವನ ಹಾರ್ನಿಗೆ ಊರೇ ಏಳ್ತದೆ. ಸುಣ್ಣದ ಗೆರೆ ಹಾಕಿಸಿ ಒಂದು ಬೋರ್ಡ್ ಬರೆಸುವ ಅಂತ ಇದ್ದೇನೆ. ಹೆಚ್ಚಿನವು 12, 14 ಚಕ್ರದವು, ದಿನಕ್ಕೆ ಎರಡು ಮೂರು ಟ್ರೇಲರ್, ಅಪರೂಪಕ್ಕೆ ಗ್ಯಾಸ್ ಬುಲೆಟ್ (ಅಡುಗೆ ಅನಿಲದ ಟ್ಯಾಂಕರ್). ಮೂತಿ ಒಳಗೋ ಹೊರಗೋ? ಗೆರೆ ನೇರವೋ ಓರೆಯೋ? ಮಳೆಗಾಲಕ್ಕೆ ಬೇರೆ ಏನಾದರೂ ಬೇಕೋ?

ಹದಿನಾಲ್ಕು ಚಕ್ರ:
ಮೂತಿ ಹೊರಗೆ. ಇದರಲ್ಲಿ ಎರಡನೇ ಮಾತಿಲ್ಲ. ರಿವರ್ಸ್ ಹೊಡೆಯುವ ಕಷ್ಟವನ್ನು ಬರುವಾಗಲೇ ಮುಗಿಸಬೇಕು. ಆಗ ಕ್ಲೀನರ್ ಎಚ್ಚರ ಇರ್ತಾನೆ, ಹೋಟೆಲಿನ ಲೈಟೂ ಇರ್ತದೆ. ನಾಲ್ಕು ಗಂಟೆಗೆ ನಿದ್ದೆಗಣ್ಣಲ್ಲಿ ರಿವರ್ಸ್ ಬಂದರೆ ಹಿಂದೆ ಬಕೆಟ್ ಹಿಡಿದು ಮುಖ ತೊಳೆಯುವವ ಕಾಣುವುದೇ ಇಲ್ಲ.

ಗೆರೆ 45 ಡಿಗ್ರಿ ಓರೆ ಹಾಕಿಸಿ. ಒಂದು ಲಾರಿಗೆ 4 ಮೀಟರ್ ಅಗಲ, 14 ಮೀಟರ್ ಉದ್ದ. ಲಾರಿ ಅಗಲ 2.6 ಮೀಟರ್ ಹಿಡಿದರೂ ಎರಡು ಲಾರಿ ನಡುವೆ 1.4 ಉಳೀತದೆ, ಬಾಗಿಲು ತೆಗೆದು ಇಳಿಯಲು ಅಷ್ಟು ಬೇಕೇ ಬೇಕು. ಓರೆ ಹಾಕಿದಾಗ ಸಾಲಿನ ಆಳ 12.7 ಮೀಟರ್ ಆಗ್ತದೆ, ಗೆರೆಯಿಂದ ಗೆರೆಗೆ ರಸ್ತೆಗುಂಟ 5.66. ಹತ್ತು ಲಾರಿಗೆ ಹೆಚ್ಚುಕಡಿಮೆ 64 ಮೀಟರ್. ನಿಮ್ಮ 70ರಲ್ಲಿ ಕೂತ್ಕೊಳ್ತದೆ, ಗೇಟಿನ ಬಾಯಿ ಇದೇ ಬದಿಗೆ ಬಂದರೆ ಅಷ್ಟು ಲಾರಿ ಕಡಿಮೆ. ಎದುರಿಗೆ ಓಡಾಟಕ್ಕೆ 15 ಮೀಟರ್ ಖಾಲಿ ಬಿಡಿ. ನೇರ ಗೆರೆ ಹಾಕಿದರೆ ಲಾರಿ ಜಾಸ್ತಿ ಹಿಡಿಸ್ತದೆ ಅಂತ ಕಾಣ್ತದೆ, ಆದರೆ ತಿರುಗಿಸಲು 20 ಮೀಟರ್ ಆದರೂ ಬೇಕು. ಇಲ್ಲದಿದ್ದರೆ ಪ್ರತಿ ಲಾರಿಯೂ ಮೂರು ನಾಲ್ಕು ಸಲ ಹಿಂದೆ ಮುಂದೆ ಮಾಡಿ ಪಕ್ಕದವನ ಕನ್ನಡಿ ಮುರೀತದೆ.

ಮುಖ್ಯವಾದದ್ದು ಇದು: ಒಳಗೆ ಬಂದ ಡ್ರೈವರನಿಗೆ ಸಾಲು ಬಲಗೈಗೆ ಸಿಗಬೇಕು. ಅವನು ಕೂರುವುದು ಬಲಗಡೆ. ಜಾಗ ದಾಟಿ ಮುಂದೆ ಹೋಗಿ ನಿಂತು, ಬಾಲ ಬಲಕ್ಕೆ ತಿರುಗಿಸಿ ಹಿಂದೆ ಬಂದರೆ ಕಿಟಕಿಯಿಂದ ತಲೆ ಹಾಕಿ ಹಿಂದಿನ ಚಕ್ರ, ಗೆರೆ ಎರಡನ್ನೂ ನೋಡಬಹುದು. ಎಡಕ್ಕೆ ಹೊಡೆದರೆ ಬಾಡಿಯೇ ಅಡ್ಡ, ಪೂರ್ತಿ ಕ್ಲೀನರನ 'ಬರ್ಲಿ ಬರ್ಲಿ'ಯ ಮೇಲೇ ನಡೀಬೇಕು. ಕ್ಲೀನರ್ ಹಿಂದಿನ ಎಡ ಮೂಲೆಯಲ್ಲಿ, ಎಡ ಕನ್ನಡಿಯಲ್ಲಿ ಕಾಣುವ ಹಾಗೆ ನಿಲ್ಲಬೇಕು. ಕನ್ನಡಿಯಿಂದ ಅವನು ಮರೆಯಾದ ಕ್ಷಣ ಬ್ರೇಕ್.

ಟ್ರೇಲರನ್ನು ಈ ಸಾಲಿಗೆ ಸೇರಿಸಬೇಡಿ. ಎದುರು ಬದಿಯಲ್ಲಿ 4 ಮೀಟರ್ ಪಟ್ಟಿ ಬಿಟ್ಟು ಒಂದರ ಹಿಂದೆ ಒಂದು, ರಿವರ್ಸ್ ಇಲ್ಲದೆ ನೇರ ಬಂದು ನೇರ ಹೋಗಲಿ.

ಸುಂಕಸಾಳ ಅಂಗಳ:
ಮೇಲಿನ, ಅಂದರೆ ಘಟ್ಟದ ಕಡೆಯ ಗೇಟಿನಿಂದ ಒಳಗೆ, ಕೆಳಗಿನ ಗೇಟಿನಿಂದ ಹೊರಗೆ ಅಂದರೆ ಬಲಗೈ ಸಾಲು ರಸ್ತೆ ಕಡೆಗೇ ಬಂತಲ್ಲ? ಲಾರಿಗಳ ಬಾಲ ಹೆದ್ದಾರಿಗೆ. ಪರವಾಗಿಲ್ಲವೇ?

ಹದಿನಾಲ್ಕು ಚಕ್ರ:
ಪರವಾಗಿಲ್ಲ ಮಾರಾಯ್ರೆ, ನಡುವೆ ದಿಣ್ಣೆ ಇದ್ದರೆ. ಪ್ರತಿ ಜಾಗದ ಹಿಂಬದಿಗೆ ಒಂದು ದಿಮ್ಮಿ ಹೂತುಬಿಡಿ, ಚಕ್ರ ಅದಕ್ಕೆ ತಾಗಿ ನಿಲ್ಲಬೇಕು. ದಿಮ್ಮಿಯನ್ನು ತುದಿಗೇ ಇಟ್ಟರೆ ಬಾಡಿ ಆಚೆ ಚಾಚ್ತದೆ. ನಿಮ್ಮಲ್ಲಿ ಬರುವ ಲಾರಿಗಳ ಹಿಂದಿನ ಚಕ್ರದಿಂದ ಬಾಡಿ ತುದಿವರೆಗೆ ಟೇಪ್ ಹಿಡಿದು, ಅಷ್ಟು ಒಳಗೆ ಇಡಿ. ನೆಲದ ಇಳಿಜಾರು ಮೂತಿಯಿಂದ ಬಾಲದ ಕಡೆಗೆ ಇರಲಿ, ಮೀಟರಿಗೆ 1 ಸೆಂಟಿಮೀಟರ್ ಸಾಕು. ಬ್ರೇಕ್ ಬಿಟ್ಟರೂ ಲಾರಿ ಹೋಗಿ ದಿಮ್ಮಿಗೆ ಒರಗ್ತದೆ, ಜನ ಓಡಾಡುವ ಕಡೆ ಉರುಳುವುದಿಲ್ಲ. ಕಂಟೇನರ್‌ನವರಿಗೂ ಅನುಕೂಲ: ಹಿಂದಿನ ಬಾಗಿಲು ದಿಣ್ಣೆಗೆ ಒತ್ತಿದ್ದರೆ ರಾತ್ರಿ ಯಾರೂ ತೆಗೆಯಲಾರರು.

ಗ್ರೀಸ್ ಕೈ:
ಗೆರೆಯ ಲೆಕ್ಕ ಚೆನ್ನಾಗಿದೆ. ಆದರೆ ನಿಮ್ಮದು ಘಟ್ಟದ ಬುಡದ ಅಂಗಳ, ಬ್ರೇಕಿನ ಮಾತು ಬೋರ್ಡಿನಲ್ಲಿ ಮೊದಲು ಬರಬೇಕು.

ಘಟ್ಟ ಇಳಿದ ಕೂಡಲೇ ಬ್ರೇಕ್ ಡ್ರಮ್ (ಚಕ್ರದ ಜೊತೆ ತಿರುಗುವ ಕಬ್ಬಿಣದ ಬಟ್ಟಲು) ಕೆಂಡದಂತೆ ಇರ್ತದೆ. ಆಗಲೇ ಹ್ಯಾಂಡ್‌ಬ್ರೇಕ್ ಎಳೆದು ಮಲಗಿದರೆ ಲೈನರ್ (ಡ್ರಮ್ಮಿಗೆ ಉಜ್ಜುವ ಪಟ್ಟಿ), ಡ್ರಮ್ ಎರಡೂ ಕೆಡ್ತವೆ: ಬಿಸಿಗೆ ಹಿಗ್ಗಿದ ಡ್ರಮ್ ಲೈನರ್ ಕೂತಿರುವ ಶೂ ಮೇಲೆ ಬಿಗಿಯಾಗಿ ಕುಗ್ಗುತ್ತಾ ತಣೀತದೆ, ಬಿರುಕು ಬಿಡಲೂಬಹುದು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಕಾಲಿನ ಬ್ರೇಕ್ ಒತ್ತಿ ಹಿಡಿದಿರುವಾಗಲೇ ಕ್ಲೀನರ್ ಇಳಿದು ಹಿಂದಿನ ಚಕ್ರಕ್ಕೆ ಎರಡೂ ಕಡೆಯಿಂದ ಮರದ ತುಂಡು ಕೊಡಲಿ. ಇಂಜಿನ್ ಎರಡು ಮೂರು ನಿಮಿಷ ಐಡಲ್‌ನಲ್ಲಿ ಓಡಲಿ, ಟರ್ಬೋಗೂ ಅದು ಬೇಕು. ಆಮೇಲೆ ಆಫ್ ಮಾಡಿ ಗೇರಿಗೆ ಹಾಕಿ. ಊಟ ಮುಗಿಸಿ ಬಂದು, ಅಂಗೈಯ ಹಿಂಬದಿಯನ್ನು ಡ್ರಮ್ ಹತ್ತಿರ ತಂದು, ಮುಟ್ಟದೆ, ಬಿಸಿ ಇಳಿದಿದೆಯೇ ನೋಡಿ ಹ್ಯಾಂಡ್‌ಬ್ರೇಕ್ ಎಳೆಯಲಿ. ನಾಲ್ಕರಲ್ಲಿ ಒಂದೇ ಡ್ರಮ್ ಸುಡ್ತಾ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಮಲಗುವ ಮೊದಲೇ ಬಿಡಿಸಬೇಕು, ಟೈರಿಗೆ ಬೆಂಕಿ ಹತ್ತುವುದು ಹೀಗೇ.

ಬಿಸಿ ಡ್ರಮ್ಮಿಗೆ ಬಕೆಟ್ ನೀರು ಎರಚುವ ಚಾಳಿ ಎಲ್ಲ ಕಡೆ ಇದೆ. ನಿಮ್ಮ ನಲ್ಲಿ ಹತ್ತಿರವೇ ದೊಡ್ಡ ಅಕ್ಷರದಲ್ಲಿ ಬರೆಸಿ: 'ಡ್ರಮ್ಮಿಗೆ ನೀರು ಹಾಕಬೇಡಿ'. ಎರಕದ ಕಬ್ಬಿಣ, ಸೀಳ್ತದೆ.

ಇನ್ನೊಂದು. ಏರ್ ಬ್ರೇಕ್ ಲಾರಿಯಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಗಾಳಿ ಅಲ್ಲ, ಸ್ಪ್ರಿಂಗು. ಲಿವರ್ ಎಳೆದಾಗ 'ಸ್ಸ್' ಅಂತ ಗಾಳಿ ಹೊರಗೆ ಹೋಗ್ತದೆ, ಸ್ಪ್ರಿಂಗ್ ಬಿಚ್ಚಿಕೊಂಡು ಒತ್ತುತ್ತದೆ. ಹಾಗಾಗಿ ರಾತ್ರಿ ಗಾಳಿ ಸೋರಿದರೂ ಲಾರಿ ಹೋಗುವುದಿಲ್ಲ. ಆದರೆ ಚೇಂಬರಿನ (ಆ ಸ್ಪ್ರಿಂಗ್ ಇರುವ ಡಬ್ಬಿಯ) ಹಿಂದೆ ಉದ್ದ ಬೋಲ್ಟ್ ಹೊರಗೆ ಕಾಣ್ತಾ ಇದ್ದರೆ, ಯಾರೋ ಸ್ಪ್ರಿಂಗನ್ನು ಕಟ್ಟಿಹಾಕಿ ಹಾಗೇ ಬಿಟ್ಟಿದ್ದಾರೆ ಅಂತ ಅರ್ಥ. ಆ ಚಕ್ರಕ್ಕೆ ಹ್ಯಾಂಡ್‌ಬ್ರೇಕೇ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಗಾಳಿ ಒತ್ತಡದ ಗೇಜು 5 ಬಾರ್ ದಾಟಿ, ಬಜರ್ ನಿಂತ ಮೇಲಷ್ಟೇ ಗೇರು. ಮೊದಲೇ ಗಾಡಿ ಎಳೆದರೆ ಲೈನರ್ ಉಜ್ಜಿಕೊಂಡು ಹೋಗ್ತದೆ.

ಕುಮಟಾ ಜಲ್ಲಿ:
ಮಳೆಗಾಲದ ವಿಷಯ. ಮಣ್ಣು ತುಂಬಿಸಿ ಎತ್ತರ ಮಾಡಿದ ಜಾಗ ಇದ್ದರೆ ಲೋಡ್ ಲಾರಿ ಅಲ್ಲಿಗೆ ಬಿಡಬೇಡಿ. ಬೇಸಿಗೆಯಲ್ಲಿ ಕಲ್ಲಿನ ಹಾಗೆ ಇರ್ತದೆ, ಜುಲೈನಲ್ಲಿ ಒಂದು ಬದಿಯ ಚಕ್ರ ಹೂತು ಲಾರಿ ಪಕ್ಕದ್ದಕ್ಕೆ ವಾಲ್ತದೆ. ಚಿರೆಕಲ್ಲಿನ ಪುಡಿ ಹಾಸಿ ಸುಮ್ಮನಾಗಬೇಡಿ, ಅದು ಎರಡೇ ಮಳೆಗೆ ರಾಡಿ. ಕಪ್ಪು ಕಲ್ಲಿನ ಜಲ್ಲಿ–ಪುಡಿ ಮಿಶ್ರಣವನ್ನು 15–20 ಸೆಂಟಿಮೀಟರಿನಂತೆ ಪದರ ಪದರವಾಗಿ ಹಾಕಿ ರೋಲರ್ ಓಡಿಸಿ. ಪರೀಕ್ಷೆ ಸುಲಭ: ಮಳೆ ನಿಂತ ಮೇಲೆ ಹಾರೆ ಕುಟ್ಟಿ, ಒಂದು ಗೇಣು ಸಲೀಸಾಗಿ ಇಳಿದರೆ ಆ ಜಾಗ ಖಾಲಿ ಗಾಡಿಗೆ ಮಾತ್ರ. ಬಿಚ್ಚಿಟ್ಟ ಟ್ರೇಲರಿನ ಕಾಲಿನ ಕೆಳಗೆ ದಪ್ಪ ಹಲಗೆ ಕಡ್ಡಾಯ. ಲಿಫ್ಟ್ ಆಕ್ಸಲ್ (ಎತ್ತಿ ಇಳಿಸಬಹುದಾದ ಚಕ್ರದ ಅಚ್ಚು) ಇರುವ ಲೋಡ್ ಗಾಡಿ ಅದನ್ನು ಕೆಳಗಿಳಿಸಿಯೇ ನಿಲ್ಲಲಿ.

ಗುಡ್ಡ ಕಡಿದ ಬದಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಒಂದೂ ಗಾಡಿ ಬೇಡ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜಾರಿದಾಗ ರಸ್ತೆ ಬದಿಯ ಚಹಾ ಅಂಗಡಿಯ ಹತ್ತಿರ ನಿಂತಿದ್ದ ಗಾಡಿಗಳೂ ಗಂಗಾವಳಿ ನದಿಗೆ ಹೋದವು. ನೆರಳು ಅಂತ ತೆಂಗಿನ ಮರದ ಕೆಳಗೂ ಬೇಡ, ಗಾಜು ಯಾರು ಕೊಡ್ತಾರೆ?

ಬುಲೆಟ್ ಬಂದರೆ ಅಡುಗೆಮನೆಯಿಂದ ಅತಿ ದೂರದ ಮೂಲೆ, ಹೊರಹೋಗುವ ಗೇಟಿನ ಪಕ್ಕ, ಮುಂದೆ ಯಾವ ಗಾಡಿಯೂ ಇಲ್ಲದ ಹಾಗೆ. ಸಾಲಿನ ಯಾವ ಲಾರಿಯ ಪಕ್ಕವೂ ಸ್ಟವ್ ಹಚ್ಚಬಾರದು. ಮೀನಿನ ಗಾಡಿಯನ್ನು ಇಳಿಜಾರಿನ ಕೊನೆಗೆ ಹಾಕಿ, ನೀರು ಚರಂಡಿಗೆ ಹೋಗಲಿ, ಉಂಡವರು ನಿಮ್ಮನ್ನು ಬೈಯುವುದು ತಪ್ತದೆ.

ಸುಂಕಸಾಳ ಅಂಗಳ:
ಎಲ್ಲ ಬರ್ಕೊಂಡೆ. ಅಂಗಳ ತುಂಬಿದ ಮೇಲೆ ಬಂದವರಿಗೆ ಏನು ಹೇಳಲಿ? ರಸ್ತೆ ಅಂಚು ಬಿಟ್ಟು ಏಳುವುದಿಲ್ಲ.

ಹದಿನಾಲ್ಕು ಚಕ್ರ:
'ಜಾಗ ಇಲ್ಲ' ಅಂತ ಗೇಟಿನಲ್ಲಿ ಬೋರ್ಡ್ ನೇತುಹಾಕಿ ಮುಂದೆ ಕಳಿಸಿ. ಅಪಾಯ ಆಗುವ ಹಾಗೆ ಗಾಡಿ ನಿಲ್ಲಿಸುವುದು ಮೋಟಾರು ವಾಹನ ಕಾಯ್ದೆಯ 122ನೇ ಕಲಂಗೆ ಬರ್ತದೆ. ಸಾರ್ವಜನಿಕ ದಾರಿಗೆ ಅಡ್ಡಿ ಅಂದರೆ ಭಾರತೀಯ ನ್ಯಾಯ ಸಂಹಿತೆಯ 285, ದಂಡ 5,000 ರೂ. ತನಕ. ನಿಜವಾಗಿ ಕೆಟ್ಟು ನಿಂತ ಗಾಡಿ ಆದರೆ ಮಾತು ಬೇರೆ: ನಾಲ್ಕೂ ಇಂಡಿಕೇಟರ್, ಹಿಂದಿನ ಕೆಂಪು ರಿಫ್ಲೆಕ್ಟರ್ ಪಟ್ಟಿಯ ರಾಡಿ ಒರೆಸುವುದು, ತ್ರಿಕೋನ 100 ಮೀಟರ್ ಹಿಂದೆ. 80ರಲ್ಲಿ ಬರುವವ 50 ಮೀಟರನ್ನು ಎರಡು ಸೆಕೆಂಡು ಚಿಲ್ಲರೆಯಲ್ಲಿ ದಾಟ್ತಾನೆ, ಹತ್ತಿರ ಇಟ್ಟರೆ ಪ್ರಯೋಜನ ಇಲ್ಲ. ಹೆದ್ದಾರಿ ಸಹಾಯಕ್ಕೆ 1033. ಹೊರಡುವಾಗ ಚಕ್ರಕ್ಕೆ ಕೊಟ್ಟ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುವವರಿದ್ದಾರೆ. ಕತ್ತಲಲ್ಲಿ ಬೈಕಿನವ ಅದಕ್ಕೆ ಹೊಡೆದು ಬೀಳ್ತಾನೆ. ನೀವು ಗೇಟಿನ ಹತ್ತಿರ ಇಪ್ಪತ್ತು ಮರದ ತುಂಡಿಗೆ ಹಗ್ಗ ಕಟ್ಟಿ ಇಟ್ಟುಬಿಡಿ. ಹಗ್ಗದ ಇನ್ನೊಂದು ತುದಿಯನ್ನು ಡ್ರೈವರ್ ಬಾಗಿಲ ಹಿಡಿಗೆ ಕಟ್ಟಿಕೊಂಡರೆ, ತುಂಡು ತೆಗೆಯದೆ ಯಾರೂ ಬಾಗಿಲು ಹಾಕಿ ಹೊರಡುವುದಿಲ್ಲ.