ಓದುಗರ ಸ್ಪಂದನ: ‘ಸಭೆಯಲ್ಲಿ ಯಾರಾದರೂ ಗುರುತು ಹಿಡಿದರೆ?’

ಕಳೆದ ಸಂಚಿಕೆಯ ಸಮಸ್ಯೆ: ನನಗೆ 46 ವರ್ಷ. ತಾಲ್ಲೂಕು ಊರೊಂದರಲ್ಲಿ ಹೈಸ್ಕೂಲ್ ಮೇಷ್ಟ್ರು. ಎರಡು ಸಲ ಆಸ್ಪತ್ರೆಗೆ ಸೇರಿ ಕುಡಿತ ಬಿಟ್ಟೆ. ಎರಡು ಸಲವೂ ಮೂರು ತಿಂಗಳು ದಾಟಲಿಲ್ಲ. ಈಗ ಬಿಟ್ಟು 19 ದಿನ. ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) ಸಭೆಗೆ ಹೋಗಿ ಅನ್ನುತ್ತಾರೆ ಡಾಕ್ಟರು. ಅಲ್ಲಿ ನನ್ನ ವಿದ್ಯಾರ್ಥಿಗಳ ಅಪ್ಪಂದಿರೇ ಕೂತಿದ್ದರೆ?

*

ಮೇಷ್ಟ್ರೇ, ನಾನು ಬಿಟ್ಟು 11 ವರ್ಷ ಆಯಿತು. ನಿಮ್ಮ ಭಯ ನನಗೂ ಇತ್ತು. ಮೊದಲ ದಿನ ಸಭೆ ನಡೆಯುವ ಕಟ್ಟಡದ ಮುಂದೆ ಸ್ಕೂಟರ್ ನಿಲ್ಲಿಸಲೇ ಇಲ್ಲ. ಎದುರಿನ ಮೆಡಿಕಲ್ ಶಾಪ್ ಹತ್ತಿರ ನಿಲ್ಲಿಸಿದೆ. ಯಾರಾದರೂ ಕಂಡರೆ ಮಾತ್ರೆಗೆ ಬಂದೆ ಅನ್ನೋಣ ಅಂತ. ಒಳಗೆ ಹೋದರೆ ಎದುರಿಗೇ ಕೂತಿದ್ದವರು ನಮ್ಮ ಬೀದಿಗೆ ಹಾಲು ಹಾಕುವವರು! ವಾಪಸ್ ತಿರುಗಿದೆ. ಅವರೇ ಎದ್ದು ಬಂದು, ‘ಕೂತ್ಕೊಳ್ಳಿ ಸಾರ್, ಟೀ ಬರುತ್ತೆ’ ಅಂದರು. ಅವರು ಬಿಟ್ಟು ಆಗಲೇ ಆರು ವರ್ಷ ಆಗಿತ್ತಂತೆ. ಮಾರನೇ ದಿನ ಹಾಲು ಕೊಡುವಾಗ ಮನೆಯವಳ ಮುಂದೆ ಆ ಮಾತೇ ಎತ್ತಲಿಲ್ಲ. ಇವತ್ತಿನವರೆಗೂ ಎತ್ತಿಲ್ಲ.

ಅಲ್ಲಿ ಹಾಜರಿ ಪುಸ್ತಕ ಇಲ್ಲ, ಫೀಸೂ ಇಲ್ಲ. ಹೆಸರು ಹೇಳಿದರೆ ಸಾಕು, ಮನೆತನ, ನೌಕರಿ ಯಾರೂ ಕೇಳುವುದಿಲ್ಲ. ಒಂದು, ಒಂದೂವರೆ ಗಂಟೆ ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ‘ಇವತ್ತು ಸುಮ್ನೆ ಕೇಳ್ತೀನಿ’ ಅಂದರೂ ಆಯಿತು. ನಾನು ಮೊದಲ ಐದು ಸಭೆ ಬಾಯೇ ಬಿಡಲಿಲ್ಲ. ಬಾಡಿಗೆಗೆ, ಟೀಗೆ ಅಂತ ಒಂದು ಡಬ್ಬಿ ಸುತ್ತು ಬರುತ್ತೆ. ಹಾಕದಿದ್ದರೂ ಯಾರೂ ನೋಡುವುದಿಲ್ಲ. ಹೊರಗಿನವರ ದುಡ್ಡು ಮುಟ್ಟಬಾರದು ಅನ್ನುವುದು ಅವರ ನಿಯಮ. ದೇವರ ಮಾತು ಬರುತ್ತೆ, ಆದರೆ ಯಾವ ದೇವರು ಅಂತ ಕೇಳುವವರಿಲ್ಲ. ಚರ್ಚಿನ ಕೊಠಡಿಯಲ್ಲಿ ಸಭೆ ನಡೆದರೂ ಮತಕ್ಕೂ ಅದಕ್ಕೂ ಸಂಬಂಧ ಇಲ್ಲ.

ನೀವು ‘ಕ್ಲೋಸ್ಡ್ ಮೀಟಿಂಗ್’ ಯಾವ ದಿನ ಅಂತ ಕೇಳಿ ಹೋಗಿ. ಅದಕ್ಕೆ ಕುಡಿತ ಬಿಡಬೇಕು ಅನ್ನುವವರು ಮಾತ್ರ ಬರುತ್ತಾರೆ. ಓಪನ್ ಮೀಟಿಂಗಿಗೆ ಬೇರೆಯವರೂ ಬರಬಹುದು. ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು ಅನ್ನುವುದು ಕಾನೂನಲ್ಲ, ನಂಬಿಕೆ. ಅದಕ್ಕೇ ಮನಸ್ಸು ಒಪ್ಪದಿದ್ದರೆ ಮೊದಲ ತಿಂಗಳು ಪಕ್ಕದ ಊರಿನ ಸಭೆಗೆ ಬಸ್ ಹತ್ತಿ. ಆನ್‌ಲೈನ್ ಸಭೆಗಳೂ ಇವೆ. ಒಂದು ಗುಂಪು ಹಿಡಿಸಲಿಲ್ಲ ಅಂತ ಬಿಟ್ಟುಬಿಡಬೇಡಿ, ಇನ್ನೊಂದಕ್ಕೆ ಹೋಗಿ ನೋಡಿ. ಹಳಬರೊಬ್ಬರ ನಂಬರ್ ಮಾತ್ರ ಮೊದಲ ದಿನವೇ ಇಸಕೊಳ್ಳಿ. ಸಂಜೆ ಏಳು ಗಂಟೆಗೆ ಕೈ ನಡುಗುವಾಗ ಫೋನ್ ಮಾಡಲು ಒಬ್ಬರು ಬೇಕು, ಅಲ್ವಾ? ಇದು 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದೂ ಹಾಗೇ, ಇಬ್ಬರು ಕುಡುಕರು ಕೂತು ಮಾತಾಡಿದ್ದರಿಂದ. ಅವರಲ್ಲೊಬ್ಬರು ಸರ್ಜನ್. ಡಾಕ್ಟರೇ ಸಿಕ್ಕಿಬಿದ್ದಿದ್ದರು ಅಂದಮೇಲೆ ಮೇಷ್ಟ್ರಿಗೆ ಯಾಕೆ ನಾಚಿಕೆ?

– ಒಬ್ಬ ಸದಸ್ಯ, ಮೈಸೂರು

*

ಅಣ್ಣ, ನಾನು ಹೆಂಡತಿಯ ಜಾಗದಲ್ಲಿ ನಿಂತು ಬರೆಯುತ್ತಿದ್ದೇನೆ. ನಮ್ಮವರು ಬಾರಿನಿಂದ ಹೊರಗೆ ಬರುವುದನ್ನು ಇಡೀ ಊರು ನೋಡಿತ್ತು. ಆಗ ಅವರಿಗೆ ಮುಜುಗರ ಆಗಲಿಲ್ಲ. ಸಭೆಗೆ ಹೋಗುವಾಗ ಮಾತ್ರ ಟವೆಲ್ ಮುಚ್ಚಿಕೊಂಡು ಹೋದರು. ನಿಮ್ಮ ಊರಿಗೂ ಗೊತ್ತಿರುತ್ತೆ ಅಣ್ಣ. ಗೊತ್ತಿಲ್ಲದಿರುವುದು ನೀವು ಬಿಟ್ಟ ಸುದ್ದಿ.

ಅತ್ತಿಗೆಗೆ ಒಂದು ಮಾತು. ಗಂಡನಿಗೆ ತಿಳಿಯದಂತೆ ಸಾರಿಗೆ, ಕಾಫಿಗೆ ಕುಡಿತ ಬಿಡಿಸುವ ಮಾತ್ರೆ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಾನು ಹಾಕಿದ್ದೆ. ಅವರು ಹೊರಗೆ ಕುಡಿದು ಬಂದರು. ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಪ್ರಾಣಕ್ಕೇ ಬಂದಿತ್ತು. ಆ ಮಾತ್ರೆ ಡಾಕ್ಟರು ಹೇಳಿ, ತಿನ್ನುವವರು ಒಪ್ಪಿ ತಿನ್ನಬೇಕಾದದ್ದು. ಮನೆಯವರಿಗೆ ಅಂತಲೇ ಅಲ್-ಅನಾನ್ ಅನ್ನುವ ಬೇರೆ ಗುಂಪು ಇದೆ. ಅವರು ಬಿಡಲಿ, ಬಿಡದೇ ಇರಲಿ, ಅತ್ತಿಗೆ ಅಲ್ಲಿಗೆ ಹೋಗಬಹುದು. ನಾನು ರಾತ್ರಿ ನಿದ್ದೆ ಮಾಡಲು ಕಲಿತದ್ದು ಅಲ್ಲಿಗೆ ಹೋಗಲು ಶುರು ಮಾಡಿದ ಮೇಲೆಯೇ.

– ಒಬ್ಬ ಗೃಹಿಣಿ, ಹಾಸನ

*

ನಾನು ವ್ಯಸನ ಚಿಕಿತ್ಸಾ ವಾರ್ಡಿನಲ್ಲಿ ಕೆಲಸ ಮಾಡಿದ ನರ್ಸ್. ಸಭೆಗೆ ಹೋದರೂ ಡಾಕ್ಟರನ್ನು ಬಿಡಬೇಡಿ. ಅಕಸ್ಮಾತ್ ಮತ್ತೆ ದಿನಾ ಕುಡಿಯಲು ಶುರುವಾದರೆ, ಹಟಕ್ಕೆ ಬಿದ್ದು ಮನೆಯಲ್ಲೇ ಒಮ್ಮೆಗೇ ನಿಲ್ಲಿಸಬೇಡಿ. ಜಾಸ್ತಿ ಕುಡಿಯುವವರು ಹಾಗೆ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೂ ಅಪಾಯ. ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ. ಬೆಂಗಳೂರು ಹತ್ತಿರವಾದರೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ನಿಮ್ಮ ಕಡೆ ಯಾವ ಚಿಕಿತ್ಸಾ ಕೇಂದ್ರ ಹತ್ತಿರ ಅಂತ ಕೇಳಲು 14446ಕ್ಕೆ, ಮನಸ್ಸು ಕುಸಿದಾಗ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಎರಡೂ ಉಚಿತ.

ನಿಮ್ಮ ಊರಲ್ಲಿ ಎ.ಎ. ಗುಂಪು ಇಲ್ಲದಿದ್ದರೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರನ್ನು ವಿಚಾರಿಸಿ. ಅವರ ಎಂಟು ದಿನದ ಮದ್ಯವರ್ಜನ ಶಿಬಿರ ಮುಗಿಸಿದವರೇ ಸೇರಿ ‘ನವಜೀವನ ಸಮಿತಿ’ ಮಾಡಿಕೊಂಡಿರುತ್ತಾರೆ. ಶಿಬಿರಕ್ಕಿಂತ ಅದರ ನಂತರದ ಈ ಕೂಟಗಳೇ ಮುಖ್ಯ ಅಂತ ನನ್ನ ಅನಿಸಿಕೆ. ನಿಮಗೆ ಎರಡು ಸಲವೂ ತಪ್ಪಿಹೋದದ್ದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆಯೇ ಅಲ್ಲವೇ?

– ನಿವೃತ್ತ ನರ್ಸ್, ಶಿವಮೊಗ್ಗ

*

ಸಾರ್, ನನಗೆ 31. ನಾನು ಬಿಟ್ಟು ಆರು ದಿನ. ನಿಮ್ಮ ಪತ್ರ ಓದಿದ ಮೇಲೆ ನಮ್ಮ ಊರಿನ ಗುಂಪಿಗೆ ಫೋನ್ ಮಾಡಿದೆ. ಗುರುವಾರ ಸಂಜೆ ಬನ್ನಿ ಅಂದಿದ್ದಾರೆ. ಹೋಗುತ್ತೇನೆ. ಅದೇ ವಾರ ನೀವೂ ನಿಮ್ಮ ಕಡೆ ಹೋಗುತ್ತೀರಾ?

– ಒಬ್ಬ ಓದುಗ, ದಾವಣಗೆರೆ