ಪದಚರ್ಚೆ: ಟೈಲ್ಸಿನ ಚಿತ್ರ ಗ್ಲೇಜಿನ ಒಳಗಿದೆಯೋ ಮೇಲಿದೆಯೋ? ಇದಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ?

ಬಳಗದ ಎಲ್ಲರಿಗೂ ನಮಸ್ಕಾರ.

ಗ್ಲೇಜ್ ಅಂದರೆ ಟೈಲ್ಸಿನ ಮೇಲೆ ಸುಟ್ಟು ಕೂರಿಸಿದ ಗಾಜಿನಂಥ ಲೇಪ. ಚಿತ್ರ ಅದರ ಅಡಿಗಿದ್ದರೆ ಅಂಡರ್‌ಗ್ಲೇಜ್, ಅದರ ಜೊತೆ ಕರಗಿ ಬೆರೆತಿದ್ದರೆ ಇನ್‌ಗ್ಲೇಜ್, ಮೇಲಿದ್ದರೆ ಓವರ್‌ಗ್ಲೇಜ್. ಈ ಮೂರಕ್ಕೆ ನಿಮ್ಮ ಕಡೆ ಕೆಲಸಗಾರರ ಬಾಯಲ್ಲಿ ಕನ್ನಡ ಪದಗಳಿವೆಯೇ? ಇದ್ದರೆ ದಯವಿಟ್ಟು ತಿಳಿಸಿ. ಇಲ್ಲದಿದ್ದರೆ ನಾನು ಕೆಳಗೆ ಬರೆದಿರುವ ಪದಗಳು ಹೊಂದುತ್ತವೆಯೋ ಇಲ್ಲವೋ ಹೇಳಿ.

ನಾನು ಗದಗಿನಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡುವವನು. ಲಗ್ನಪತ್ರಿಕೆ, ಕೈಚೀಲ, ಬೋರ್ಡು ಇವೇ ನಮ್ಮ ಕೆಲಸ. ಈಚೆಗೆ ಪಿಂಗಾಣಿ ಟೈಲ್ಸ್ ಮೇಲೆ ಚಿತ್ರ ಮೂಡಿಸುವುದೂ ಸೇರಿಕೊಂಡಿದೆ. ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಅಂತ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮುದ್ರಣಕಾಶಿ ಅನ್ನಿಸಿಕೊಂಡ ಊರಿನಲ್ಲಿ ಕೂತು, ಈ ಕೆಲಸ ಹೇಳಲು ಕನ್ನಡ ಸಾಲದು ಅಂತ ಕೈಬಿಡಲು ನನಗೆ ಮನಸ್ಸಿಲ್ಲ.

ನಮ್ಮ ಕಡೆ ಅಂಗಡಿಯಲ್ಲಿ ಚಿತ್ರವಿರುವ ಎಲ್ಲ ಟೈಲ್ಸಿಗೂ ಒಂದೇ ಹೆಸರು: ‘ಪ್ರಿಂಟ್ ಟೈಲ್ಸ್’. ಅಡುಗೆಮನೆ ಗೋಡೆಯ ಹಣ್ಣಿನ ಬುಟ್ಟಿ, ದೇವರಮನೆಯ ಲಕ್ಷ್ಮಿ, ಬಚ್ಚಲಮನೆಯ ಮೀನು, ಪಡಸಾಲೆ ನೆಲದ ಕಮಲ, ಎಲ್ಲವೂ ಪ್ರಿಂಟ್. ಚಿತ್ರ ಚೆಂದ ಇದೆಯೋ ಇಲ್ಲವೋ ಅಷ್ಟು ನೋಡಿ ತರುತ್ತೇವೆ. ಆದರೆ ಆ ಚಿತ್ರ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಅದು ಗ್ಲೇಜಿನ ಯಾವ ಕಡೆ ಕೂತಿದೆ ಅನ್ನುವುದರ ಮೇಲಿದೆ. ಅದನ್ನು ಕೇಳಲು ಗಿರಾಕಿಯ ಬಾಯಲ್ಲಿ ಪದವಿಲ್ಲ. ಹೇಳಲು ಅಂಗಡಿಯವರ ಬಾಯಲ್ಲೂ ಇಲ್ಲ.

ಹಾವೇರಿಯಲ್ಲಿ ನಮ್ಮ ಸೋದರತ್ತೆ ಮನೆ ಕಟ್ಟಿಸಿದಾಗ ತಲೆಬಾಗಿಲ ಪಕ್ಕದ ಗೋಡೆಗೆ ಗಣಪತಿಯ ಟೈಲ್ಸ್ ಹಾಕಿಸಿದರು. ‘ಬಿಸಲಿಗೆ ಏನರ ಆಗ್ತದೇನಪಾ’ ಅಂತ ಅತ್ತೆ ಕೇಳಿಯೂ ಕೇಳಿದರು. ‘ಸುಟ್ಟಿದ್ದೈತ್ರೀ ಅಕ್ಕಾರ, ಏನೂ ಆಗಂಗಿಲ್ಲ’ ಅಂತ ಅಂಗಡಿಯವರ ಉತ್ತರ. ಬಿಸಿಲು ನೇರ ಬೀಳುವ ಗೋಡೆ ಅದು. ಮೊದಲು ಗಣಪತಿಯ ಕೊರಳಿನ ಕೆಂಪು ದಾಸವಾಳದ ಮಾಲೆ ಮಾಸಿತು. ಆಮೇಲೆ ಮೈಬಣ್ಣ ಹೋಯಿತು. ಕೊನೆಗೆ ತೆಳು ನೀಲಿ ಉಳಿಯಿತು. ಮೂಲೆಯಲ್ಲಿ ಉಗುರು ಹಾಕಿದರೆ ಪೊರೆಯಂಥದ್ದು ಏಳುತ್ತಿತ್ತು. ದೇವರ ಚಿತ್ರ ಹೀಗಾಯಿತಲ್ಲ ಅಂತ ಅತ್ತೆಗೆ ಬಹಳ ಸಂಕಟವಾಯಿತು.

ಅದು ಸಬ್ಲಿಮೇಷನ್ ಟೈಲ್ಸ್. ಮೊದಲೇ ಸುಟ್ಟು ತಯಾರಾದ ಬಿಳಿ ಟೈಲ್ಸ್ ಮೇಲೆ ಪ್ಲಾಸ್ಟಿಕ್ಕಿನಂಥ ಒಂದು ಲೇಪ ಇರುತ್ತದೆ. ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ, ಅದನ್ನು ಟೈಲ್ಸಿಗೆ ಒತ್ತಿಟ್ಟು, ಬಿಸಿ ಪ್ರೆಸ್ಸಿನಲ್ಲಿ ಸುಮಾರು 200 ಡಿಗ್ರಿಗೆ ಕಾಯಿಸುತ್ತಾರೆ. ಬಣ್ಣ ಆವಿಯಾಗಿ ಆ ಲೇಪದೊಳಗೆ ಇಳಿಯುತ್ತದೆ. ಮನೆಯೊಳಗೆ, ನೆರಳಿನಲ್ಲಿ, ಬಹುಮಾನಕ್ಕೆ ಕೊಡುವ ಫಲಕಕ್ಕೆ ಇದು ಚೆನ್ನಾಗಿಯೇ ಇರುತ್ತದೆ. ಬಿಸಿಲಿಗೂ ನೆಲಕ್ಕೂ ಸಲ್ಲದು.

ಇಲ್ಲಿ ‘ಸುಟ್ಟಿದ್ದು’ ಅನ್ನುವ ಮಾತೇ ತಪ್ಪು. ಕುಂಬಾರರಾಗಲಿ ಇಟ್ಟಂಗಿ ಭಟ್ಟಿಯವರಾಗಲಿ ‘ಸುಡು’ ಅಂದರೆ, ಮಣ್ಣು ಮತ್ತೆ ನೀರಿಗೆ ಕರಗದಷ್ಟು ಬದಲಾಗುವುದು ಅಂತ ಅರ್ಥ. ಹಸಿ ಇಟ್ಟಂಗಿ, ಸುಟ್ಟ ಇಟ್ಟಂಗಿ ಎಂಬ ಭೇದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಕೈಪಿಡಿಯಲ್ಲಿ ‘ಸುಡು’ ಅನ್ನುವುದನ್ನು ಭಟ್ಟಿಗೆ ಮಾತ್ರ ಮೀಸಲಿಟ್ಟಿದ್ದೇನೆ. ಪ್ರೆಸ್ಸಿನ ಕೆಲಸಕ್ಕೆ ‘ಕಾಯಿಸು’. ಸಬ್ಲಿಮೇಷನ್ ಚಿತ್ರಕ್ಕೆ ‘ಬಿಸಿಯಚ್ಚು’. ಇದರ ಬಗ್ಗೆ ಯಾರದಾದರೂ ತಕರಾರು ಇದೆಯೇ?

ಇನ್ನು ಆ ಮೂರು ಪದಗಳು. ಪದ ಹುಡುಕುವ ಮುಂಚೆ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ.

ಅಂಡರ್‌ಗ್ಲೇಜ್ ಅಂದರೆ, ಒಮ್ಮೆ ಸುಟ್ಟ ಮಣ್ಣಿನ ಬಿಲ್ಲೆಗೆ ಬಣ್ಣ ಹಚ್ಚಿ, ಅದರ ಮೇಲೆ ತಿಳಿಯಾದ ಗ್ಲೇಜ್ ಹಾಯಿಸಿ, ಇನ್ನೊಮ್ಮೆ ಸುಡುವುದು. ಗ್ಲೇಜ್ ಕರಗಿ ಗಾಜಾಗುತ್ತದೆ. ಚಿತ್ರ ಆ ಗಾಜಿನ ಅಡಿಯಲ್ಲಿ ಭದ್ರ. ಆದರೆ ಅಷ್ಟು ಶಾಖ ತಡೆಯುವ ಬಣ್ಣಗಳು ಕಡಿಮೆ. ಕೋಬಾಲ್ಟಿನ ನೀಲಿ, ಕ್ರೋಮಿನ ಹಸಿರು, ಕಬ್ಬಿಣದ ಕಂದು ನಿಲ್ಲುತ್ತವೆ. ಒಳ್ಳೆಯ ಕೆಂಪು ಸಿಗುವುದು ಕಷ್ಟ. ಹಳೆಯ ಟೈಲ್ಸ್‌ಗಳಲ್ಲಿ ನೀಲಿ ಜಾಸ್ತಿ ಕಾಣುವುದಕ್ಕೆ ಇದೂ ಒಂದು ಕಾರಣ.

ಇನ್‌ಗ್ಲೇಜ್ ನನಗೆ ಎಲ್ಲಕ್ಕಿಂತ ಇಷ್ಟ. ತವರದ ಆಕ್ಸೈಡ್ ಸೇರಿಸಿದ ಬಿಳಿ ಗ್ಲೇಜನ್ನು ಬಿಲ್ಲೆಗೆ ಹಾಯಿಸಿ ಒಣಗಿಸುತ್ತಾರೆ. ಅದಿನ್ನೂ ಹಸಿ, ಮುಟ್ಟಿದರೆ ಸುಣ್ಣದ ಹಾಗೆ ಕೈಗೆ ಹತ್ತುತ್ತದೆ. ಅದರ ಮೇಲೆ ಕುಂಚದಿಂದ ಚಿತ್ರ ತೆಗೆಯಬೇಕು. ಪುಡಿ ಒಮ್ಮೆಲೇ ಬಣ್ಣ ಹೀರಿಕೊಳ್ಳುತ್ತದೆ. ಗೆರೆ ತಪ್ಪಿದರೆ ಒರೆಸಲು ಬರುವುದಿಲ್ಲ. ಸುಮಾರು 1000 ಡಿಗ್ರಿಯಲ್ಲಿ ಸುಟ್ಟಾಗ ಗ್ಲೇಜೂ ಬಣ್ಣವೂ ಕೂಡಿಯೇ ಕರಗಿ ಒಂದಾಗುತ್ತವೆ. ಇಟಲಿಯ ಮಯೋಲಿಕಾ, ಹಾಲೆಂಡಿನ ಡೆಲ್ಫ್ಟ್ ನೀಲಿ ಟೈಲ್ಸ್ ಈ ಬಗೆಯವು. ಡೆಲ್ಫ್ಟಿನವರು ಒಂದೇ ಚಿತ್ರವನ್ನು ನೂರಾರು ಟೈಲ್ಸಿಗೆ ಇಳಿಸಲು, ಕಾಗದದ ಮೇಲಿನ ನಕ್ಷೆಯ ಗೆರೆಗುಂಟ ಸೂಜಿಯಿಂದ ಚುಚ್ಚಿ, ಅದನ್ನು ಟೈಲ್ಸ್ ಮೇಲಿಟ್ಟು, ಇದ್ದಿಲ ಪುಡಿಯ ಗಂಟನ್ನು ಆಡಿಸುತ್ತಿದ್ದರು. ತೂತಿನಿಂದ ಇಳಿದ ಚುಕ್ಕೆಗಳನ್ನು ಹಿಡಿದು ಕುಂಚ ಓಡಿಸುತ್ತಿದ್ದರು. ನಮ್ಮಲ್ಲಿ ಸೀರೆ, ಕುಪ್ಪಸದ ಮೇಲೆ ಎಂಬ್ರಾಯ್ಡರಿ ನಕ್ಷೆ ಹಾಕಿಕೊಡುವವರೂ ಕಾಗದ ಚುಚ್ಚಿಯೇ ಹಾಕುತ್ತಾರೆ. ಆ ಕೆಲಸಕ್ಕೆ ‘ನಕ್ಷೆ ಇಳಿಸುವುದು’ ಅನ್ನುತ್ತೇವಲ್ಲ, ಆ ಕ್ರಿಯಾಪದ ನೆನಪಿಟ್ಟುಕೊಳ್ಳಿ. ಮುಂದೆ ಅದರ ಕೆಲಸವಿದೆ.

ಓವರ್‌ಗ್ಲೇಜ್ ಅಂದರೆ ಗ್ಲೇಜ್ ಹಾಕಿ ಪೂರ್ತಿ ಸುಟ್ಟು ಮುಗಿದ ಟೈಲ್ಸಿನ ಮೇಲೆ ಬಣ್ಣ ಹಚ್ಚಿ, ಮತ್ತೆ ಕಡಿಮೆ ಶಾಖದಲ್ಲಿ, 750ರಿಂದ 850 ಡಿಗ್ರಿ ಆಸುಪಾಸಿನಲ್ಲಿ ಸುಡುವುದು. ಇಲ್ಲಿ ಬಣ್ಣಗಳ ಸಂಖ್ಯೆ ಜಾಸ್ತಿ. ಕೆಂಪು, ಗುಲಾಬಿ, ಬಂಗಾರ ಎಲ್ಲ ಬರುತ್ತದೆ. ಆದರೆ ಚಿತ್ರ ಗಾಜಿನ ಮೇಲೆ ಇರುತ್ತದೆ, ಅದಕ್ಕೆ ಬೇರೆ ಕಾವಲಿಲ್ಲ. ಟೈಲ್ಸನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಚಿತ್ರವಿರುವ ಜಾಗದ ಹೊಳಪು ಬೇರೆ, ಇಲ್ಲದ ಜಾಗದ ಹೊಳಪು ಬೇರೆ ಕಂಡರೆ ಅದು ಓವರ್‌ಗ್ಲೇಜ್. ಬೆರಳ ತುದಿಯಿಂದ ಸವರಿದರೆ ಗೆರೆಯ ಅಂಚು ಸಣ್ಣಗೆ ತಾಕುತ್ತದೆ. ಒಳಗಿನ ಚಿತ್ರದಲ್ಲಿ ಮೇಲ್ಮೈ ಎಲ್ಲ ಕಡೆ ಒಂದೇ ಸಮ ನುಣುಪು.

ಪದಗಳ ವಿಚಾರಕ್ಕೆ ಬರುತ್ತೇನೆ. ಮೊದಲು ‘ಅಡಿಬಣ್ಣ, ಮೇಲ್ಬಣ್ಣ’ ಅಂತ ಬರೆದೆ. ‘ಅಡಿಬಣ್ಣ’ ಅಂದರೆ ಪೇಂಟರುಗಳು ಪ್ರೈಮರ್ ಅಂತ ತಿಳಿಯುತ್ತಾರೆ. ಗೋಡೆಗೆ ಅಸ್ತರು ಹೊಡೆದು ಮೇಲೆ ಬೇರೆ ಬಣ್ಣ ಹೊಡೆದರೆ ಅಡಿಬಣ್ಣ ಕಾಣುವುದಿಲ್ಲ. ಇಲ್ಲಿಯೋ, ಕಾಣಬೇಕಾದದ್ದೇ ಅದು. ಹಾಗಾಗಿ ‘ಬಣ್ಣ’ ಬಿಟ್ಟು ‘ಚಿತ್ರ’ ಹಿಡಿದೆ. ಒಳಚಿತ್ರ, ನಡುಚಿತ್ರ, ಮೇಲ್ಚಿತ್ರ. ‘ಒಳಚಿತ್ರದ ಟೈಲ್ಸ್ ಕೊಡ್ರಿ’ ಅಂತ ಗಿರಾಕಿ ಅಂಗಡಿಯಲ್ಲಿ ಕೇಳಬಹುದು, ನಾಲಿಗೆ ತೊಡರುವುದಿಲ್ಲ. ‘ನಡುಚಿತ್ರ’ದ ಬಗ್ಗೆ ಮಾತ್ರ ನನಗೆ ಸಮಾಧಾನವಿಲ್ಲ. ಬಿಲ್ಲೆಯ ನಡುವೆ ಇರುವ ಚಿತ್ರ ಅಂತ ಕೇಳಿಸುತ್ತದೆ. ಗ್ಲೇಜಿನ ಜೊತೆ ಕರಗಿ ಕೂಡಿಕೊಂಡದ್ದು ಅನ್ನುವ ಅರ್ಥ ಬರಬೇಕು. ‘ಕೂಡುಚಿತ್ರ’ ಆದೀತೇ?

‘ಗ್ಲೇಜ್’ಗೆ ಪದಕೋಶಗಳಲ್ಲಿ ಮೆರುಗು, ಹೊಳಪು ಅಂತ ಇದೆ. ಅವು ನೋಟವನ್ನು ಹೇಳುತ್ತವೆ, ವಸ್ತುವನ್ನು ಹೇಳುವುದಿಲ್ಲ. ಹೊಳಪೇ ಇಲ್ಲದ ಮ್ಯಾಟ್ ಗ್ಲೇಜೂ ಇದೆ, ಅದಕ್ಕೆ ಏನು ಹೇಳುವುದು? ‘ಕಲಾಯಿ’ ಅನ್ನಬಹುದಲ್ಲ ಅಂತ ಒಬ್ಬ ಗೆಳೆಯರು ಕೇಳಿದರು, ಬಿಳಿ ಗ್ಲೇಜಿನಲ್ಲಿ ತವರ ಇರುತ್ತದೆ ಅನ್ನುವ ಕಾರಣಕ್ಕೆ. ಆದರೆ ಕಲಾಯಿ ಅಂದಕೂಡಲೇ ನಮ್ಮ ಜನಕ್ಕೆ ಹಿತ್ತಾಳೆ ಪಾತ್ರೆಯೇ ಕಣ್ಣಿಗೆ ಬರುತ್ತದೆ. ಆ ಪದ ಆ ಕೆಲಸದಲ್ಲಿ ಇನ್ನೂ ಜೀವಂತ ಇದೆ, ಅಲ್ಲಿಂದ ಎಳೆದು ತರುವುದು ಬೇಡ. ‘ಗಾಜುಲೇಪ’ ಅಂತ ಒಂದು ಸಲ ವಿವರಿಸಿ, ಮುಂದೆ ‘ಗ್ಲೇಜ್’ ಅಂತಲೇ ಬಳಸುವುದು ನನ್ನ ಇಷ್ಟ.

‘ಟೈಲ್ಸ್’ ಅನ್ನುವುದನ್ನೂ ಹಾಗೇ ಇಟ್ಟಿದ್ದೇನೆ. ‘ಹಂಚು’ ಅಂದರೆ ನಮ್ಮಲ್ಲಿ ಒಂದೋ ಮಾಡಿನ ಮಂಗಳೂರು ಹಂಚು, ಇಲ್ಲವೇ ರೊಟ್ಟಿ ಬೇಯಿಸುವ ಹಂಚು. ‘ಫರಸಿ’ ಅಂದರೆ ಶಹಾಬಾದಿ ಕಲ್ಲು. ಹಾಸು ಅನ್ನುವ ಅರ್ಥದ ‘ಫರ್ಶ್’ನಿಂದ ಬಂದ ಮಾತು ಅದು. ನೆಲಕ್ಕೆ ಹೊಂದುತ್ತದೆ, ಗೋಡೆಗೆ ಹೊಂದುವುದಿಲ್ಲ. ಪಾರ್ಸಿಯಲ್ಲಿ ಬಣ್ಣದ ಟೈಲ್ಸಿಗೆ ‘ಕಾಶಿ’ ಎನ್ನುತ್ತಾರೆ, ಕಾಶಾನ್ ಊರಿನಿಂದ ಬಂದ ಹೆಸರು. ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಗೋಡೆ, ಮಿನಾರಿನ ಮೇಲೆ ಉಳಿದಿರುವ ನೀಲಿ ಟೈಲ್ಸ್ ಪರ್ಶಿಯಾದ ಆ ಪರಂಪರೆಯವೇ. ಕನ್ನಡ ನಾಡಿನಲ್ಲೇ ಇಷ್ಟು ಹಳೆಯ ಕೆಲಸ ಇರುವಾಗ ಬೀದರ್ ಕಡೆಯವರ ಮಾತಿನಲ್ಲಿ ಅದರ ಹೆಸರು ಏನಾದರೂ ಉಳಿದಿದೆಯೇ ಅಂತ ನನಗೆ ಬಹಳ ಕುತೂಹಲ. ‘ಕಾಶಿ’ ಮಾತ್ರ ನಮಗೆ ಆಗದು, ಗಂಗೆಯ ದಂಡೆಗೆ ಹೋಗಿಬಿಡುತ್ತೇವೆ.

ಎಲ್ಲಕ್ಕಿಂತ ನನಗೆ ಬೇಕಾಗಿರುವುದು ‘ಡಿಕ್ಯಾಲ್’ಗೆ, ಅಂದರೆ ಕಾಗದದಿಂದ ಟೈಲ್ಸಿಗೆ ಇಳಿಸುವ ಚಿತ್ರಕ್ಕೆ, ಒಂದು ಪದ. ನಾವು ದಿನಾ ಮಾಡುವುದು ಇದನ್ನೇ. ಅಂಟು ಸವರಿದ ವಿಶೇಷ ಕಾಗದದ ಮೇಲೆ, ಶಾಯಿಯ ಬದಲು ಲೋಹದ ಆಕ್ಸೈಡ್ ಬಣ್ಣಗಳನ್ನು ಸ್ಕ್ರೀನಿನಿಂದ ಮುದ್ರಿಸುತ್ತೇವೆ. ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನು. ಕೊನೆಗೆ ಎಲ್ಲದರ ಮೇಲೆ ಲ್ಯಾಕರಿನ ಒಂದು ಪದರ. ಬಳಸುವಾಗ ಕಾಗದವನ್ನು ನೀರಿಗೆ ಹಾಕಬೇಕು. ಮೊದಲು ಅದು ಸುರುಳಿ ಸುತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಬಿಚ್ಚಿಕೊಂಡು ಚಪ್ಪಟೆಯಾಗುತ್ತದೆ. ಆಗ ಹೆಬ್ಬೆರಳಿಂದ ಮೆಲ್ಲಗೆ ನೂಕಿದರೆ ಚಿತ್ರದ ಪೊರೆ ಕಾಗದದಿಂದ ಜಾರುತ್ತದೆ. ಹಾಗೇ ಟೈಲ್ಸ್ ಮೇಲೆ ಜಾರಿಸಿ ಕೂರಿಸಿ, ರಬ್ಬರಿನ ಪಟ್ಟಿಯಿಂದ ನಡುವಿನಿಂದ ಅಂಚಿನ ಕಡೆಗೆ ನೀರು, ಗಾಳಿ ಎಲ್ಲ ಹೊರಗೆ ಹಾಕಬೇಕು. ಒಂದು ಗುಳ್ಳೆ ಉಳಿದರೂ ಭಟ್ಟಿಯಲ್ಲಿ ಅದು ಒಡೆದು ಚಿತ್ರದಲ್ಲಿ ತೂತು ಬೀಳುತ್ತದೆ. ಪೂರ್ತಿ ಒಣಗಿದ ಮೇಲೆ ಸುಡುವುದು. ಮೊದಲ ಹಂತದಲ್ಲಿ ಲ್ಯಾಕರ್ ಉರಿದು ಹೊಗೆಯಾಗಿ ಹೋಗುತ್ತದೆ, ಅದಕ್ಕೆ ಭಟ್ಟಿಯ ಕಿಂಡಿ ತೆರೆದಿಟ್ಟಿರಬೇಕು. 800 ಡಿಗ್ರಿ ಹೊತ್ತಿಗೆ ಬಣ್ಣ ಕರಗಿ ಗ್ಲೇಜನ್ನು ಕಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಆದ ಮೇಲೆ ಗಿರಾಕಿಗಳು ಇದಕ್ಕೆ ‘ಸ್ಟಿಕರ್’ ಅನ್ನುತ್ತಾರೆ. ಸ್ಟಿಕರ್ ಅಂದರೆ ಕಿತ್ತರೆ ಬರುವುದು, ಅಲ್ವಾ? ಸುಟ್ಟ ಡಿಕ್ಯಾಲ್ ಕೀಳಲು ಬರುವುದಿಲ್ಲ. ಇದಕ್ಕೆ ‘ಇಳಿಯಚ್ಚು’ ಅಂತ ಇಟ್ಟಿದ್ದೇನೆ. ಅಚ್ಚಿನ ಚಿತ್ರ ಕಾಗದದಿಂದ ಬಿಲ್ಲೆಗೆ ಇಳಿಯುತ್ತದೆ, ಅಷ್ಟೇ ಅರ್ಥ. ‘ನಕ್ಷೆ ಇಳಿಸು’ ಜನರ ಬಾಯಲ್ಲಿ ಇರುವುದರಿಂದ ಇದೂ ಹತ್ತಿಕೊಳ್ಳಬಹುದು ಅನ್ನುವುದು ನನ್ನ ನಂಬಿಕೆ. ಈ ವಿದ್ಯೆಯ ಬೇರು ನಮ್ಮ ಮುದ್ರಣದ ಕಸುಬಿನಲ್ಲೇ ಇದೆ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಎಂಬ ಮುದ್ರಕರು ಕೆತ್ತಿದ ಪಡಿಯಚ್ಚಿನಿಂದ ಚಿತ್ರವನ್ನು ಟೈಲ್ಸಿಗೆ ಇಳಿಸಿದರು. 1756ರ ಜುಲೈ 27ರಂದು ಆರು ಗಂಟೆಯೊಳಗೆ 1200ಕ್ಕೂ ಹೆಚ್ಚು ಟೈಲ್ಸ್ ಅಚ್ಚು ಹಾಕಿದ್ದಾಗಿ ಪ್ರಮಾಣಪತ್ರ ಬರೆದುಕೊಟ್ಟರು. ಕುಂಚ ಹಿಡಿದವರಿಗೆ ಅದು ದಿನಗಟ್ಟಲೆಯ ಕೆಲಸ.

ಧಾರವಾಡದ ಒಂದು ಮನೆಗೆ ಅಡುಗೆಕಟ್ಟೆಯ ಹಿಂದಿನ ಗೋಡೆಗೆ ಕಸೂತಿಯ ಅಂಚು ಬೇಕು ಅಂದರು. ಗೋಪುರ, ತೇರು, ಆನೆ ಮೇಲಿನ ಅಂಬಾರಿ. ಕಸೂತಿಯನ್ನು ಎಳೆ ಎಣಿಸಿ ಹಾಕುವುದರಿಂದ ನಕ್ಷೆ ಚೌಕಟ್ಟಿಗೆ ತಾನಾಗಿ ಕೂರುತ್ತದೆ. ಆದರೆ ಕಸೂತಿಯ ಗವಂತಿ ಹೊಲಿಗೆಯ ಒಂಟಿ ಗೆರೆ ಬಹಳ ಸಣ್ಣದು. ಒರಟು ಜಾಲರಿಯ ಸ್ಕ್ರೀನಿನಲ್ಲಿ ಅದು ತುಂಡಾಗುತ್ತದೆ. ಜಾಲರಿ ನಯವಾದಷ್ಟೂ ಬಣ್ಣದ ಪದರ ತೆಳುವಾಗಿ, ಸುಟ್ಟ ಮೇಲೆ ಗೆರೆ ಬಿಳಚಿಕೊಳ್ಳುತ್ತದೆ. ‘ಬಿಳಚಿಕೊಳ್ಳು’ ಅನ್ನುವುದು ನಮ್ಮ ಹುಡುಗರೇ ಬಳಸಿದ ಮಾತು, ಕೈಪಿಡಿಗೆ ಹಾಗೇ ಎತ್ತಿಕೊಂಡಿದ್ದೇನೆ.

ನೆಲದ ಟೈಲ್ಸಿಗೆ ಇಳಿಯಚ್ಚು ಹಾಕಬೇಡಿ ಅಂತ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೇನೆ. ಕಾಲಿಗೆ ಅಂಟಿದ ಮರಳು ಉಜ್ಜಿ ಉಜ್ಜಿ ಚಿತ್ರ ಸವೆಯುತ್ತದೆ. ಯುರೋಪಿನ ಹಳೆಯ ಚರ್ಚುಗಳ ನೆಲದಲ್ಲಿ ಮಣ್ಣಿನ ಬಿಲ್ಲೆಗೆ ತಗ್ಗು ಒತ್ತಿ, ಅದರಲ್ಲಿ ಬೇರೆ ಬಣ್ಣದ ಮಣ್ಣು ತುಂಬಿ ಸುಡುತ್ತಿದ್ದರು. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಪಿಂಗಾಣಿ ತಯಾರಕ ಹರ್ಬರ್ಟ್ ಮಿಂಟನ್ ಅದನ್ನು ಮತ್ತೆ ಚಾಲ್ತಿಗೆ ತಂದರು. ಮೇಲ್ಮೈ ಸವೆದರೂ ಚಿತ್ರ ಉಳಿಯುತ್ತದೆ, ಯಾಕೆಂದರೆ ಅದಕ್ಕೆ ದಪ್ಪ ಇದೆ. ಇದಕ್ಕೆ ಇಂಗ್ಲಿಷಿನಲ್ಲಿ ‘ಎನ್‌ಕಾಸ್ಟಿಕ್’ ಅನ್ನುತ್ತಾರೆ. ಅದನ್ನು ಹಾಗೇ ತರದೆ ‘ಹುದುಗುಚಿತ್ರ’ ಎಂದರೆ ಸಾಕು ಅನಿಸುತ್ತದೆ. ಹುಬ್ಬಳ್ಳಿ, ಧಾರವಾಡದ ಹಳೆಯ ಮನೆಗಳಲ್ಲಿರುವ ಹೂವಿನ ಸಿಮೆಂಟ್ ಟೈಲ್ಸಿನಲ್ಲೂ ಬಣ್ಣಕ್ಕೆ ದಪ್ಪ ಇದೆ, ಆದರೆ ಅವನ್ನು ಸುಡುವುದಿಲ್ಲ, ಒತ್ತಿ ನೀರುಣಿಸುತ್ತಾರೆ. ಅವಕ್ಕೆ ನಿಮ್ಮ ಮನೆಯ ಹಿರಿಯರು, ಗೌಂಡಿಗಳು ಬೇರೆ ಹೆಸರು ಹೇಳುತ್ತಿದ್ದರೆ ತಿಳಿಸಿ.

ಈಗ ಗುಜರಾತಿನ ಮೋರ್ಬಿಯಿಂದ ಬರುವ ‘ಡಿಜಿಟಲ್ ಟೈಲ್ಸ್’ ಬಗ್ಗೆ ಒಂದು ಮಾತು. 2000ದ ಸುಮಾರಿಗೆ ಸ್ಪೇನಿನಲ್ಲಿ ಶುರುವಾದ ಇಂಕ್‌ಜೆಟ್ ಮುದ್ರಣ ಇದು. ಸಾಮಾನ್ಯವಾಗಿ ಹಸಿ ಗ್ಲೇಜಿನ ಮೇಲೆ ಮುದ್ರಿಸಿ ಒಟ್ಟಿಗೇ ಸುಡುತ್ತಾರೆ. ಕೆಲವಕ್ಕೆ ಮೇಲೆ ಇನ್ನೊಂದು ತಿಳಿ ಗ್ಲೇಜ್ ಇರುತ್ತದೆ. ‘ಡಿಜಿಟಲ್’ ಅನ್ನುವುದು ಚಿತ್ರ ಹೇಗೆ ಬಂತು ಅನ್ನುತ್ತದೆ. ಎಲ್ಲಿ ಕೂತಿದೆ ಅನ್ನುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ‘ಡಿಜಿಟಲ್ ಐತ್ರೀ’ ಅಂದರೂ ‘ಒಳಚಿತ್ರನೋ, ಕೂಡುಚಿತ್ರನೋ, ಮೇಲ್ಚಿತ್ರನೋ?’ ಅಂತ ಕೇಳುವುದು ಉಳಿದೇ ಉಳಿಯುತ್ತದೆ.

ನನಗೆ ಉತ್ತರ ಬೇಕಾಗಿರುವುದು ಮುಖ್ಯವಾಗಿ ಮೂರು ಕಡೆಯವರಿಂದ. ಖಾನಾಪುರದ ಕುಂಬಾರಿಕೆ ತರಬೇತಿ ಸಂಸ್ಥೆಯಲ್ಲಿ ಕಲಿತವರು ಗ್ಲೇಜ್ ಹಾಯಿಸುವುದಕ್ಕೆ, ಎರಡನೇ ಸಲ ಸುಡುವುದಕ್ಕೆ ಯಾವ ಮಾತು ಬಳಸುತ್ತಿದ್ದರು? ಬೀದರ್ ಕಡೆಯವರು ಮದರಸಾದ ಬಿಲ್ಲೆಗಳಿಗೆ ಏನನ್ನುತ್ತಾರೆ? ಕುಂಬಾರಿಕೆ ಇನ್ನೂ ನಡೆದಿರುವ ಊರುಗಳವರು ಸುಡುವ ಗೂಡಿಗೆ ‘ಆವಿಗೆ’ ಮತ್ತು ‘ಭಟ್ಟಿ’ ಎರಡನ್ನೂ ಬಳಸುತ್ತಾರೆಯೇ, ಬಳಸಿದರೆ ಯಾವುದು ಯಾವುದಕ್ಕೆ? ಕರೆಂಟಿನ ಸಣ್ಣ ಭಟ್ಟಿಗೆ ‘ಆವಿಗೆ’ ಅನ್ನಬಹುದು ಅಂತ ನೀವು ಹೇಳಿದರೆ ಕೈಪಿಡಿಯಲ್ಲಿ ಆ ಪದವನ್ನೇ ಹಾಕುತ್ತೇನೆ.